ಸಂಪಾದಕರ ಉತ್ತರ: ಒಣಗದ ಮಡಿಕೆ

ಸಕಲೇಶಪುರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ವಯಸ್ಸು 46. ಎರಡು ವರ್ಷದಲ್ಲಿ 104 ಕೆ.ಜಿ.ಯಿಂದ 63ಕ್ಕೆ ಇಳಿದಿದ್ದಾರೆ, ಆಪರೇಷನ್ ಇಲ್ಲದೆ. "ಮಂಡಿನೋವು ಹೋಯ್ತು, ಶುಗರ್ ಮಾತ್ರೆ ಅರ್ಧಕ್ಕೆ ಇಳೀತು. ಆದರೆ ಹೊಟ್ಟೆಯ ಚರ್ಮ ಖಾಲಿ ಚೀಲದ ಹಾಗೆ ಜೋತುಬಿದ್ದಿದೆ. ಮಳೆ ಹಿಡಿದರೆ ಮಡಿಕೆಯೊಳಗೆ ತುರಿಕೆ, ಉರಿ, ವಾಸನೆ. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದೆ. ಎರಡು ದಿನ ಆರಾಮ, ಆಮೇಲೆ ಮೊದಲಿಗಿಂತ ಜಾಸ್ತಿ. ಎಣ್ಣೆ ಹಚ್ಚಿದರೆ ಚರ್ಮ ಬಿಗಿಯಾಗುತ್ತಾ? ತೆಗೆಸಿಬಿಡೋಣ ಅಂದರೆ ನಮ್ಮ ಅತ್ತಿಗೆ, ಈ ವಯಸ್ಸಲ್ಲಿ ಏನು ಶೋಕಿ ಅಂತಾರೆ. ಇದು ಶೋಕಿನಾ ಸರ್?"

ಅಲ್ಲಮ್ಮ.

ಈ ಶೋಕಿ ಅನ್ನೋ ಪದದ ಮೇಲೆ ನನಗೆ ಹಳೇ ಸಿಟ್ಟು. ಅಜ್ಜನಿಗೆ ಹಲ್ಲಿನ ಸೆಟ್ ಕಟ್ಟಿಸಿದರೆ ಶೋಕಿ ಅಲ್ಲ. ಗಂಡಸರು ತಲೆಗೆ ಬಣ್ಣ ಬಳಿದುಕೊಂಡು ಮದುವೆಮನೆಗೆ ಬಂದರೂ ಯಾರೂ ತುಟಿ ಪಿಟಕ್ ಅನ್ನುವುದಿಲ್ಲ. (ನಾನೂ ಹತ್ತು ವರ್ಷ ಬಳಿದಿದ್ದೆ.) ಹೆಂಗಸು ತನ್ನ ಮೈಯ ಕಷ್ಟ ಹೇಳಿಕೊಂಡರೆ ಮಾತ್ರ ಆ ಪದ ಸಿದ್ಧವಾಗಿರುತ್ತದೆ.

ಎಣ್ಣೆಯ ವಿಷಯ ಬೇಗ ಮುಗಿಸುತ್ತೇನೆ. ಆಗುವುದಿಲ್ಲ. ಚರ್ಮದೊಳಗೆ ಕೊಲಾಜೆನ್, ಎಲಾಸ್ಟಿನ್ ಅಂತ ಎರಡು ಬಗೆಯ ನಾರುಗಳಿವೆ. ಹಿಗ್ಗಿದ್ದನ್ನು ವಾಪಸ್ ಎಳೆಯುವ ಕೆಲಸ ಎಲಾಸ್ಟಿನ್‌ನದು. ಅದರಲ್ಲಿ ಹೆಚ್ಚಿನ ಪಾಲು ಚಿಕ್ಕ ವಯಸ್ಸಿನಲ್ಲೇ ತಯಾರಾಗಿಬಿಡುತ್ತದೆ. ಹತ್ತಾರು ವರ್ಷ ಹಿಗ್ಗಿಸಿಟ್ಟರೆ ಹಳೇ ನೈಟ್ ಪ್ಯಾಂಟಿನ ಎಲಾಸ್ಟಿಕ್ ಗತಿಯೇ. ಮೇಲೆ ಹಚ್ಚಿದ ಎಣ್ಣೆ ಅಲ್ಲಿಗೆ ಮುಟ್ಟಿ ಹೊಸ ನಾರು ಹೆಣೆಯುವುದಿಲ್ಲ. ಒಣ ಚರ್ಮ ಮೆತ್ತಗಾಗುತ್ತೆ, ಅಷ್ಟೇ. ನಿಮ್ಮ ಮಡಿಕೆಯೊಳಗಂತೂ ಎಣ್ಣೆ ಬೇಡವೇ ಬೇಡ. ಜಠರದ ಆಪರೇಷನ್ ಮಾಡಿಸಿಕೊಂಡು ಇಳಿದವರಿಗೂ ಇದೇ ಪಾಡು. ಎಷ್ಟು ಕೆ.ಜಿ. ಇಳಿಯಿತು, ಎಷ್ಟು ವರ್ಷ ಹೊತ್ತಿದ್ದಿರಿ, ವಯಸ್ಸೆಷ್ಟು, ಬಿಸಿಲೆಷ್ಟು ತಿಂದಿದೆ, ಬೀಡಿ ಸಿಗರೇಟಿನ ಚಟ ಇದೆಯಾ, ಚರ್ಮ ಕೇಳುವ ಲೆಕ್ಕ ಇದು. ನೀವು ತಪ್ಪಾಗಿ ಇಳಿಸಿದಿರಿ ಅಂತೇನೂ ಇಲ್ಲ.

ನಿಮ್ಮ ಪತ್ರ ಓದುವಾಗ ಮೂಡಿಗೆರೆಯ ನಮ್ಮ ದೊಡ್ಡಮ್ಮ ನೆನಪಾದರು. ದಪ್ಪ ಮೈಯವರು, ಸಕ್ಕರೆ ಕಾಯಿಲೆಯಲ್ಲಿ ಇಳಿದುಹೋದರು. ಆಷಾಢದಲ್ಲಿ ಅವರ ಮನೆಯ ಬಚ್ಚಲ ಒಲೆಯ ಮೇಲೆ ಒಂದು ಗಳು ಕಟ್ಟಿರುತ್ತಿತ್ತು. ದೊಡ್ಡಪ್ಪನ ಹಳೇ ಮಲ್ಲು ಪಂಚೆ ಹರಿದ ಪಟ್ಟಿಗಳು, ಅಂಗೈ ಅಗಲದವು, ಅದರ ಮೇಲೆ ಸಾಲಾಗಿ ಒಣಗುತ್ತಿದ್ದವು. ಮಕ್ಕಳು ಮುಟ್ಟುವಂತಿರಲಿಲ್ಲ. ಹೊಟ್ಟೆಯ ಮಡಿಕೆಯೊಳಗೆ ಒಂದು ಪಟ್ಟಿ ಇಟ್ಟುಕೊಳ್ಳುವುದು, ಒದ್ದೆಯಾದರೆ ಬದಲಾಯಿಸುವುದು. ಅದು ಏನಕ್ಕೆ ಅಂತ ನನಗೆ ತಿಳಿದದ್ದು ಅವರು ಹೋಗಿ ಎಷ್ಟೋ ವರ್ಷದ ಮೇಲೆ. ಯಾವ ಡಾಕ್ಟರಿಗೂ ತೋರಿಸಲಿಲ್ಲ. ನಾಚಿಕೆ. ಹೊಗೆ ವಾಸನೆಯ ಆ ಪಟ್ಟಿಗಳೇ ಔಷಧಿ. ಹೇಳಬೇಕೆಂದರೆ ಪದ್ಧತಿ ಸರಿಯೇ ಇತ್ತು. ಮಡಿಕೆ ಒಣಗಿರಬೇಕು, ನಡುವೆ ಹತ್ತಿ ಬಟ್ಟೆ ಇರಬೇಕು ಅಂತ ಈಗಿನ ಡಾಕ್ಟರೂ ಹೇಳುತ್ತಾರೆ.

ನಮ್ಮ ಹಳೇ ಕವಿಗಳು ಹೊಟ್ಟೆಯ ಮೇಲಿನ ಮೂರು ಮಡಿಕೆಗೆ ತ್ರಿವಳಿ ಅಂತ ಹೆಸರಿಟ್ಟು ಹಾಡಿಹೊಗಳಿದರು. ಮಲೆನಾಡಿನ ಜುಲೈ ತಿಂಗಳಲ್ಲಿ ಅದೇ ಮಡಿಕೆಯೊಳಗೆ ಏನಾಗುತ್ತೆ ಅಂತ ಒಬ್ಬರಾದರೂ ಬರೆದದ್ದು ನಾನು ಕಂಡಿಲ್ಲ. ಬೇಲೂರಿನ ಶಿಲಾಬಾಲಿಕೆಯರಿಗೆ ಚಿಂತೆಯಿಲ್ಲ ಬಿಡಿ, ಬಳಪದ ಕಲ್ಲು ಗಾಳಿಗೆ ಗಟ್ಟಿಯಾಗುತ್ತಾ ಹೋಗುತ್ತೆ.

ಈಗ ಸ್ವಲ್ಪ ಬೈಯಬೇಕು. ಆ ಟ್ಯೂಬ್! ಎರಡು ದಿನ ಆರಾಮ, ಆಮೇಲೆ ಜಾಸ್ತಿ ಅಂದರೆ ಅದರಲ್ಲಿ ಸ್ಟೀರಾಯ್ಡ್ ಇದ್ದಿರಬಹುದು. ಸ್ಟೀರಾಯ್ಡ್ ಕೆಂಪು ಮುಚ್ಚುತ್ತೆ, ಕೆಳಗೆ ಫಂಗಸ್ ಆರಾಮಾಗಿ ಹಬ್ಬುತ್ತೆ, ಚರ್ಮ ಇನ್ನೂ ತೆಳುವಾಗುತ್ತೆ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ನಿಯಮ ಬಂದಿದೆ. ಅಂಗಡಿಯವರು ಕೇಳಿದ ತಕ್ಷಣ ಕೊಡುತ್ತಾರೆ, ನಾವು ಕೇಳುತ್ತೇವೆ. ಶುಗರ್ ಇರುವ ನೀವು ಇಷ್ಟು ದಿನ ಚರ್ಮದ ಡಾಕ್ಟರ ಹತ್ತಿರ ಹೋಗದೆ ಪತ್ರಿಕೆಗೆ ಬರೆದಿದ್ದೀರಲ್ಲ, ನನಗೆ ಹೆಮ್ಮೆಯೂ ಆಯಿತು, ಕೋಪವೂ ಬಂತು. ಮೊದಲು ಹಾಸನಕ್ಕೆ ಬಂದು ತೋರಿಸಿ.

ತೆಗೆಸದೆ ಹಾಗೇ ಇರುವವರೂ ಇದ್ದಾರೆ. ತೊಂದರೆ ಇಲ್ಲದಿದ್ದರೆ ಇರಲಿ, ಅದೂ ಸರಿ.

ಆದರೆ ಚರ್ಮ ಕತ್ತರಿಸಿ ಹೊಲಿಯುವುದು ಪೇಟೆಯವರ ಹೊಸ ಹುಚ್ಚು ಅಂದುಕೊಳ್ಳಬೇಡಿ. ಸುಶ್ರುತನ ಕಾಲದಿಂದ ಬಂದ ವಿದ್ಯೆ. ಮೈಸೂರು ಯುದ್ಧದಲ್ಲಿ ಕೊವಾಸ್‌ಜಿ ಅಂತ ಒಬ್ಬ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ. ಟಿಪ್ಪುವಿನವರ ಕೈಗೆ ಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಕಡೆ ಒಬ್ಬ ನಾಟಿ ಕಸುಬುದಾರ ಹಣೆಯ ಚರ್ಮ ತಿರುಗಿಸಿ ಅವನಿಗೆ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಮಾಸಪತ್ರಿಕೆಯೊಂದರಲ್ಲಿ ಅದು ಅಚ್ಚಾಯಿತು, ಯುರೋಪಿನ ಡಾಕ್ಟರರು ಕಲಿತರು. ಅಚ್ಚಾದದ್ದು ಹೇಗೆ ಗೊತ್ತಾ? ಸಂಪಾದಕರಿಗೆ ಬಂದ ಒಂದು ಪತ್ರವಾಗಿ! ಮೂಗು ಬೇಕು ಅಂದ ಆ ಗಾಡಿಯವನಿಗೆ ಶೋಕಿ ಅಂತ ಯಾರಾದರೂ ಅಂದಿದ್ದರಾ?

ಇನ್ನು ವಿಮೆ ಕಂಪನಿಗಳು. ಅವಕ್ಕೆ ಇದೆಲ್ಲಾ 'ಸೌಂದರ್ಯ ಚಿಕಿತ್ಸೆ', ಪಾಲಿಸಿಯಿಂದ ಹೊರಗೆ. ಆರೋಗ್ಯಕ್ಕೆ ನೇರ ಅಪಾಯ ತಪ್ಪಿಸಲು ಬೇಕೇ ಬೇಕು ಅಂತ ವೈದ್ಯರು ಬರೆದುಕೊಟ್ಟರೆ ಮಾತ್ರ ಬಾಗಿಲು ತೆರೆಯುವ ಆಸೆ. ಹಾಗಾಗಿ ಹುಣ್ಣಾದಾಗಲೆಲ್ಲ ತೋರಿಸಿ, ಚೀಟಿ ಎತ್ತಿಡಿ, ಫೋಟೋ ತೆಗೆಸಿ. ಕಂತು ಕಟ್ಟಿಸಿಕೊಳ್ಳುವಾಗ ಅಣ್ಣಾ ಅಕ್ಕಾ, ಕ್ಲೇಮ್ ಹಾಕಿದ ದಿನ ಚಿಕ್ಕ ಅಕ್ಷರದ ಪುಟ. ತೂಕ ಇಳಿಸುವ ಪುಡಿಯ ಜಾಹೀರಾತುಗಳೂ ಅಷ್ಟೇ. 'ಮೊದಲು', 'ನಂತರ' ಅಂತ ಎರಡು ಫೋಟೋ. ನಂತರದ ಫೋಟೋದಲ್ಲಿ ಹೊಟ್ಟೆ ಯಾವಾಗಲೂ ಬಟ್ಟೆಯೊಳಗೆ. ಅಂಥ ಜಾಹೀರಾತು ಈ ಪತ್ರಿಕೆಗೂ ಬಂದಿತ್ತು, ವಾಪಸ್ ಕಳಿಸಿದೆ. ಆ ತಿಂಗಳು ಅಚ್ಚಿನ ಬಿಲ್ಲು ಕಟ್ಟಲು ಪರದಾಡಿದ್ದು ಬೇರೆ ಮಾತು.

ಆಪರೇಷನ್ ಸಲೀಸು ಅಂತಲೂ ಹೇಳಲಾರೆ. ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಗಾಯದ ಗೆರೆ ಉಳಿಯುತ್ತೆ. ಒಳಗೆ ಸೇರುವ ನೀರು ಹೊರಬರಲು ಕೆಲವು ದಿನ ನಳಿಕೆ ಹಾಕಿರುತ್ತಾರೆ. ಕೆಲವರಿಗೆ ಗಾಯ ಬೇಗ ಕೂಡುವುದಿಲ್ಲ. ತೂಕ ಆರು ತಿಂಗಳಾದರೂ ಅಲ್ಲಾಡದೆ ನಿಂತಿರಬೇಕು. ಶುಗರ್ ಹತೋಟಿಯಲ್ಲಿರಬೇಕು, ರಕ್ತ ಕಡಿಮೆ ಇರಬಾರದು, ಬೇಳೆ, ಮೊಟ್ಟೆ ಸರಿಯಾಗಿ ತಿಂದಿರಬೇಕು. ಬೆಂಗಳೂರೋ ಮೈಸೂರೋ ಮಂಗಳೂರೋ, ತರಬೇತಿ ಪಡೆದ ಪ್ಲಾಸ್ಟಿಕ್ ಸರ್ಜನ್ ಹತ್ತಿರವೇ ಹೋಗಿ. ಬ್ಯೂಟಿ ಕ್ಲಿನಿಕ್ ಬೋರ್ಡ್ ನೋಡಿ ಒಳಗೆ ನುಗ್ಗಬೇಡಿ.

ಮಳೆಗಾಲದಲ್ಲಿ ಬೇಡ. ಕಾಫಿ ಕೊಯ್ಲು ಮುಗಿಯಲಿ, ಫೆಬ್ರವರಿ, ಮಾರ್ಚ್ ನೋಡಿ. ಸುಮಾರು ಆರು ವಾರ ಬೆಲ್ಟ್ ಕಟ್ಟಿಕೊಂಡಿರಬೇಕು, ಬಿಂದಿಗೆ ಎತ್ತುವಂತಿಲ್ಲ. ಆ ಆರು ವಾರ ನೀರು ಯಾರು ತರುತ್ತಾರೆ ಅಂತ ಈಗಲೇ ಮಾತಾಡಿಕೊಳ್ಳಿ. ನಿಮ್ಮ ಅತ್ತಿಗೆಯನ್ನೇ ಕೇಳಿ ನೋಡಿ.