ಪಕ್ಕದ ಮನೆಯಲ್ಲಿ ಬೋರ್ಡಿಲ್ಲದ ಹೋಟೆಲ್

ಪ್ರಶ್ನೆ: ಪಕ್ಕದ ಮನೆಯ ಕೆಳಮಹಡಿಯಲ್ಲಿ ಆರು ತಿಂಗಳಿಂದ ಅಡುಗೆ ಮಾಡಿ ಬರೀ ಡೆಲಿವರಿ ಕೊಡುತ್ತಾರೆ. ಬೋರ್ಡಿಲ್ಲ, ಟೇಬಲ್ಲಿಲ್ಲ. ಎಕ್ಸಾಸ್ಟ್ ಫ್ಯಾನ್ ನೇರ ನಮ್ಮ ಬೆಡ್‌ರೂಮ್ ಕಿಟಕಿಗೆ. ರಾತ್ರಿ 12ರ ತನಕ ಗೇಟ್ ಮುಂದೆ ಬೈಕುಗಳು. ಇದು ಹೋಟೆಲ್ಲೋ, ಮನೆಯೋ? ಯಾರಿಗೆ ಹೇಳೋದು?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಹೋಟೆಲ್ಲೇ, ಅನುಮಾನ ಬೇಡ. ಗಿರಾಕಿ ಕೂರುವುದಿಲ್ಲ ಅಂದ ಮಾತ್ರಕ್ಕೆ ಮನೆ ಆಗುವುದಿಲ್ಲ. ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರೂ ಬೇಕು. 14 ಅಂಕಿಯ ಆ ನಂಬರ್ ಡೆಲಿವರಿ ಆ್ಯಪ್‌ನಲ್ಲೇ ಕಾಣುತ್ತದೆ, ಬರೆದಿಟ್ಟುಕೊಳ್ಳಿ. ಹುಡುಕುವಾಗ ಒಂದು ಗಮನದಲ್ಲಿರಲಿ, ಇಂಥವರು ಒಂದೇ ಒಲೆಗೆ ಬಿರಿಯಾನಿಗೊಂದು, ನೂಡಲ್ಸ್‌ಗೊಂದು ಅಂತ ಮೂರ್ನಾಲ್ಕು ಹೆಸರು ಇಟ್ಟಿರುತ್ತಾರೆ.

ಅಡುಗೆ ಘಾಟಿಗೆ ಹೆದರುವ ಊರಲ್ಲ ನಮ್ಮದು. ಮಿರ್ಚಿ ಗಾಡಿ, ಮಂಡಕ್ಕಿ ಭಟ್ಟಿ ಎಲ್ಲ ನೋಡಿದವರು. ಆದರೆ ಬೆಣ್ಣೆ ದೋಸೆ ಹೋಟೆಲಲ್ಲಿ ಗಲ್ಲಾ ಮೇಲೆ ಯಜಮಾನರು ಕೂತಿರುತ್ತಾರೆ. ‘ಏನ್ರೀ, ಹೊಗೆಯೆಲ್ಲ ನಮ್ಮನೆಗೇ ಬಿಡ್ತೀರಲ್ಲ’ ಅಂತ ಕೇಳಬಹುದು, ನಾಳೆಯೂ ಮುಖ ನೋಡಬೇಕಲ್ಲ ಅಂತ ಅವರೂ ಏನಾದರೂ ಮಾಡುತ್ತಾರೆ. ನಿಮ್ಮ ಪಕ್ಕದಲ್ಲಿ ಗಲ್ಲಾನೇ ಇಲ್ಲ. ಓಣಿಗೆ ಹೊಗೆ ಪೂರ್ತಿ ಬಂತು, ಚಾ ಕುಡಿಯಲು ಒಂದು ಬೆಂಚೂ ಬರಲಿಲ್ಲ!

ಮಧ್ಯಾಹ್ನ 4ರ ಹೊತ್ತಿಗೆ, ರಶ್ ಇಲ್ಲದಾಗ, ಹೋಗಿ ಓನರ್‌ನ ಹಿಡಿಯಿರಿ. ಎಕ್ಸಾಸ್ಟಿಗೆ ಪೈಪ್ ಹಾಕಿ ಮಾಳಿಗೆ ಮೇಲಕ್ಕೆ ಬಿಡಿಸಿ. ಒಳಚರಂಡಿ ಚೇಂಬರ್ ಮುಚ್ಚಳ ತೆಗೆಸಿ ನೋಡಿ. ಪಾತ್ರೆ ತೊಳೆದ ಜಿಡ್ಡು ಬಿಸಿ ಇದ್ದಾಗ ಹರಿದುಹೋಗುತ್ತದೆ, ತಣ್ಣಗಾದ ಮೇಲೆ ಮೇಣದ ಹಾಗೆ ಪೈಪಿಗೆ ಅಂಟುತ್ತದೆ, ಲೈನ್ ಒಂದೇ ಆಗಿದ್ದರೆ ನಿಮ್ಮ ಬಚ್ಚಲಲ್ಲೂ ಉಕ್ಕೀತು. ಜಿಡ್ಡು ತಡೆಯುವ ತೊಟ್ಟಿ ಕಟ್ಟಿಸಲಿ. ಸಿಲಿಂಡರ್ ಮಾತ್ರ ನೋಡದೆ ಬರಬೇಡಿ. 14.2 ಕೆಜಿಯದ್ದು ಮನೆ ಬಳಕೆಗೆ, ಹೋಟೆಲಿಗೆ ಅದನ್ನು ಹಚ್ಚುವಂತಿಲ್ಲ, 19 ಕೆಜಿಯಂಥ ವಾಣಿಜ್ಯ ಸಿಲಿಂಡರೇ ಇರಬೇಕು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡುತ್ತದೆ. ಎಲ್ಲಿ ಇಟ್ಟಿದ್ದಾರೆ, ಗಾಳಿ ಆಡುತ್ತದೋ ಇಲ್ಲವೋ ನೋಡಿ.

ಬಗ್ಗದಿದ್ದರೆ ಪಾಲಿಕೆ ಆರೋಗ್ಯ ವಿಭಾಗಕ್ಕೆ ಫೋಟೋ ಸಮೇತ ಬರೆದುಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಗಲಾಟೆಗೆ 2000ನೇ ಇಸವಿಯ ಶಬ್ದ ನಿಯಮ ಇದೆ. ಮನೆಗಳಿರುವ ಕಡೆ ರಾತ್ರಿ 10ರಿಂದ ಬೆಳಗ್ಗೆ 6ರ ತನಕ 45 ಡೆಸಿಬಲ್ ಮಿತಿ.

ಡೆಲಿವರಿ ಹುಡುಗರ ಮೇಲೆ ಸುಮ್ನೆ ಕೂಗಾಡಬೇಡಿ. ಪಾರ್ಸೆಲ್ ತಡ ಆದರೆ ಬಿಸಿಲಲ್ಲಿ ಕಾಯುವವರು ಅವರೇ ಅಲ್ವಾ? ಕಾಂಪೌಂಡ್ ಒಳಗೇ ಅವರಿಗೆ ಜಾಗ ಮಾಡಿಕೊಡಲು ಓನರ್‌ಗೆ ಹೇಳಿ, ನಿಮ್ಮ ಗೇಟೂ ಖಾಲಿ ಆಗುತ್ತದೆ.