ಶಸ್ತ್ರಚಿಕಿತ್ಸೆಗೆ ಮುಂಚಿನ ವ್ಯಾಯಾಮ: ಕೋಲಾರದ ಒಂದು ಆಪ್ತಸಲಹೆ ಪ್ರಕರಣ

ಈ ಮಹಿಳೆಯ ಗುರುತು ಸಿಗದಂತೆ ವಯಸ್ಸು, ಕಸುಬು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ನಲವತ್ತು ದಾಟಿದ ಇವರು ಕೋಲಾರದ ತಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ತೂಕ 112 ಕಿಲೋ, ಎತ್ತರ 154 ಸೆಂಟಿಮೀಟರ್. ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಬಿಎಂಐ ಲೆಕ್ಕ ಹಾಕಿದರೆ 47ರಷ್ಟಾಗುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಎರಡೂ ಮಂಡಿಗಳು ಸವೆದಿವೆ. ತೂಕ ಇಳಿಸಲು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಜಠರದ ಬಹುಭಾಗವನ್ನು ತೆಗೆದು ಕೊಳವೆಯಷ್ಟನ್ನು ಮಾತ್ರ ಉಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಲು ತೀರ್ಮಾನವಾಗಿತ್ತು. ಅದಕ್ಕೂ ಮೊದಲು ಮಾಡಬೇಕಾದ ವ್ಯಾಯಾಮಗಳನ್ನು ಅಲ್ಲಿನ ಫಿಸಿಯೋಥೆರಪಿಸ್ಟ್ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ನನ್ನಲ್ಲಿಗೆ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ಮಾತು ಮುಂದುವರಿದಾಗ ತಿಳಿದದ್ದು ಬೇರೆ: ಬರೆದುಕೊಟ್ಟ ಯಾವ ವ್ಯಾಯಾಮವನ್ನೂ ಅವರು ಮಾಡಿರಲಿಲ್ಲ, ಆದರೆ ಆಸ್ಪತ್ರೆಯಿಂದ ಫೋನ್ ಬಂದಾಗಲೆಲ್ಲ ಮಾಡುತ್ತಿದ್ದೇನೆ ಎಂದು ಹೇಳುತ್ತಿದ್ದರು.

"ನಡೆದು ಕರಗೋ ಹಾಗಿದ್ರೆ ನಾನ್ಯಾಕೆ ಹೊಟ್ಟೆ ಕೊಯ್ಸಿಕೊಳ್ಳಲಿ ಮೇಡಂ?" ಎಂದು ಅವರು ಕೇಳಿದ ಪ್ರಶ್ನೆಯಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚಾಗಿ ಕೇಳಿಸಿತು. ಅಂತರಗಂಗೆ ಬೆಟ್ಟದ ಮೆಟ್ಟಿಲನ್ನು ದಿನಾ ಹತ್ತಿಳಿದರೆ ಲಕ್ಷಗಟ್ಟಲೆ ದುಡ್ಡು ಉಳಿಯುತ್ತದೆ ಎಂದು ಗಂಡ ಹೇಳುತ್ತಿದ್ದರು. ಒಮ್ಮೆ ಅವರ ಮಾತಿಗೆ ಕಟ್ಟುಬಿದ್ದು ಹೋಗಿ, ಅರ್ಧದಲ್ಲೇ ಕುಳಿತು, ಮಂಡಿ ಊದಿಸಿಕೊಂಡು ಮರಳಿದ್ದರು. ಬೀದಿಯಲ್ಲಿ ನಡೆದರೆ ಅಕ್ಕಪಕ್ಕದವರು ಆಡಿಕೊಳ್ಳುತ್ತಾರೆಂಬ ಅಂಜಿಕೆಯೂ ಇತ್ತು. ಉಸಿರಾಟದ ಅಭ್ಯಾಸಕ್ಕೆಂದು ಆಸ್ಪತ್ರೆಯವರು ಕೊಟ್ಟಿದ್ದ ಮೂರು ಗುಂಡುಗಳ ಸ್ಪೈರೋಮೀಟರು ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಬೀರುವಿನಲ್ಲಿ ಸೀರೆಗಳ ಹಿಂದೆ ಕುಳಿತಿತ್ತು. ಈ ವ್ಯಾಯಾಮವನ್ನು ಅವರು ತಮ್ಮ ಹಿಂದಿನ ಸೋಲುಗಳಿಗೆ ವಿಧಿಸಿದ ದಂಡವೆಂದೇ ತಿಳಿದಿದ್ದರು. ಹಾಗೆ ತಿಳಿದವರಿಗೆ ಶಿಸ್ತಿನ ಉಪದೇಶ ಮಾಡಿ ಪ್ರಯೋಜನವಿಲ್ಲ.

ಆದ್ದರಿಂದ ಮೊದಲು ಅವರ ಪ್ರಶ್ನೆಗೇ ನೇರವಾಗಿ ಉತ್ತರ ಕೊಟ್ಟೆ. ಇಷ್ಟು ತೂಕವಿರುವ ದೇಹವು ಇಳಿದ ತೂಕವನ್ನು ಹಸಿವು ಹೆಚ್ಚಿಸಿಯೋ ಶಕ್ತಿಯ ಖರ್ಚು ತಗ್ಗಿಸಿಯೋ ಮರಳಿ ಏರಿಸಿಕೊಳ್ಳಲು ನೋಡುತ್ತದೆ. ನಡಿಗೆಯೊಂದರಿಂದಲೇ ಅದನ್ನು ಗೆಲ್ಲುವುದು ಬಹುತೇಕರಿಗೆ ಆಗದ ಮಾತು, ಅದು ಅವರ ಸೋಮಾರಿತನವಲ್ಲ. ಶಸ್ತ್ರಚಿಕಿತ್ಸೆಗೆ ಮುಂಚಿನ ವ್ಯಾಯಾಮದ ಉದ್ದೇಶವೇ ಬೇರೆ. ಅರಿವಳಿಕೆ ಕೊಟ್ಟು ಅಂಗಾತ ಮಲಗಿಸಿದಾಗ ಹೊಟ್ಟೆಯ ಭಾರಕ್ಕೆ ಶ್ವಾಸಕೋಶದ ಕೆಳಭಾಗ ಸರಿಯಾಗಿ ಹಿಗ್ಗುವುದಿಲ್ಲ. ಉಸಿರನ್ನು ನಿಧಾನವಾಗಿ ಒಳಕ್ಕೆಳೆದು ಗುಂಡುಗಳನ್ನು ಮೇಲಕ್ಕೇರಿಸುವುದನ್ನು ಈಗಲೇ ಕಲಿತರೆ, ನೋವಿರುವ ಆ ಮೊದಲ ದಿನಗಳಲ್ಲಿ ಹೊಸದಾಗಿ ಕಲಿಯುವ ಕಷ್ಟವಿರುವುದಿಲ್ಲ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಶಸ್ತ್ರಚಿಕಿತ್ಸೆಯಾದ ಕೆಲವೇ ಗಂಟೆಗಳಲ್ಲಿ ಎಬ್ಬಿಸಿ ನಡೆಸುತ್ತಾರೆ, ಅದಕ್ಕೆ ಕಾಲಲ್ಲಿ ಕಸುವಿರಬೇಕು. ಮುಂದಿನ ತಿಂಗಳುಗಳಲ್ಲಿ ತೂಕ ವೇಗವಾಗಿ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅದನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳಲು ಪ್ರೋಟೀನಿನ ಜೊತೆಗೆ ಸ್ನಾಯು ಬಲಪಡಿಸುವ ವ್ಯಾಯಾಮವೂ ಬೇಕು.

ಇಷ್ಟು ಹೇಳಿದ ಮೇಲೆ, ಕುಳಿತ ಕುರ್ಚಿಯಿಂದ ಒಮ್ಮೆ ಎದ್ದು ನಿಲ್ಲುವಿರಾ ಎಂದು ಕೇಳಿದೆ. ಒಂದು ಕೈ ಮೇಜಿನ ಅಂಚಿಗೆ, ಇನ್ನೊಂದು ತೊಡೆಗೆ ಊರಿ, ಉಸಿರು ಬಿಗಿಹಿಡಿದು ಎದ್ದರು. ಆ ಚೀಟಿಯ ಮೊದಲ ವ್ಯಾಯಾಮ ಇದೇ ಆಗಿತ್ತು: ಕುರ್ಚಿಯಿಂದ ಏಳುವುದು, ಕೂರುವುದು. ಅದನ್ನು ತಾವು ಆಗಲೇ ಮಾಡಿದ್ದೇವೆಂದು ತಿಳಿದಾಗ ಅವರು ಮೊದಲ ಸಲ ಚೀಟಿಯನ್ನು ಗಮನವಿಟ್ಟು ಓದಿದರು.

ವ್ಯಾಯಾಮದ ಪ್ರಮಾಣ ನಿರ್ಧರಿಸುವುದು ಆಪ್ತಸಲಹೆಗಾರರ ಕೆಲಸವಲ್ಲ. ನಾನು ಒತ್ತಿ ಹೇಳಿದ್ದು, ಸತ್ಯ ಹೇಳಬೇಕೆಂದು. ವ್ಯಾಯಾಮ ಮಾಡಿದ್ದಾರೆಂದು ನಂಬಿ ವೈದ್ಯರು ಶಸ್ತ್ರಚಿಕಿತ್ಸೆಗೆ ಸಿದ್ಧತೆ ಮಾಡುತ್ತಾರೆ. ಆ ನಂಬಿಕೆ ಸುಳ್ಳಾದರೆ ತೊಂದರೆ ಇವರ ಮೈಗೇ. ದಿನಾಂಕ ಮುಂದಕ್ಕೆ ಹೋಗಬಹುದು, ಅದಕ್ಕೂ ಸಿದ್ಧರಿರಿ ಎಂದೆ. ನನ್ನೆದುರಿಗೇ ಫಿಸಿಯೋಥೆರಪಿಸ್ಟ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದರು. ಅತ್ತ ಕಡೆಯವರು ಗದರಲಿಲ್ಲ. ಮಂಡಿಯ ವಿಷಯ ಕೇಳಿ ಚೀಟಿಯನ್ನೇ ಬದಲಿಸಿದರು: ಅರ್ಧ ಗಂಟೆಯ ಒಂದೇ ನಡಿಗೆಯ ಬದಲು ಊಟ, ತಿಂಡಿಯ ನಂತರ ಹತ್ತು ಹತ್ತು ನಿಮಿಷ, ಅದೂ ಸಮತಟ್ಟು ನೆಲದಲ್ಲಿ, ಮಾತಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು, ಅಷ್ಟು ವೇಗ, ಗೋಡೆಗೆ ಕೈಯೂರಿ ತಳ್ಳುವುದು, ಮೆಟ್ಟಿಲು ಸದ್ಯಕ್ಕೆ ಬೇಡ.

ಬೀದಿಯ ಅಂಜಿಕೆಗೆ, ಮೊದಲ ದಿನಗಳಲ್ಲಿ ಮಹಡಿಯ ಮೇಲೆ ನಡೆಯುವ ಯೋಚನೆ ಅವರದೇ. ಮಹಡಿಗೆ ಮೆಟ್ಟಿಲು ಹತ್ತಬೇಕಲ್ಲ ಎಂದು ನೆನಪಿಸಿದಾಗ, ಪಡಸಾಲೆಯಿಂದ ಹಿತ್ತಲಿನವರೆಗೆ ಸಾಕೆಂದು ಒಪ್ಪಿದರು. ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಾದ್ದರಿಂದ ಬೆವರು, ನಡುಕ, ತಲೆಸುತ್ತು ಕಂಡರೆ ನಿಲ್ಲಿಸಿ ಸಕ್ಕರೆ ತಿನ್ನಬೇಕು, ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಗಂಡನಿಗೂ ತಿಳಿಸಬೇಕಿತ್ತು. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಮುಂಚಿನ ಕೊನೆಯ ಎರಡು ವಾರ ಯಕೃತ್ತನ್ನು ಕುಗ್ಗಿಸಲು ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಡುತ್ತಾರೆ. ಆಗ ಮಾತ್ರೆಯ ಪ್ರಮಾಣವನ್ನೂ ವ್ಯಾಯಾಮವನ್ನೂ ವೈದ್ಯರನ್ನು ಕೇಳಿಯೇ ಬದಲಿಸಬೇಕೆಂದೂ ಹೇಳಿದೆ.

ಮುಂದಿನ ಭೇಟಿಗೆ ಗಂಡನನ್ನೂ ಕರೆಸಿದೆ. ಮೆಟ್ಟಿಲು ಹತ್ತಿಳಿಯುವಾಗ ಸವೆದ ಮಂಡಿಯ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆಂದು ಕೇಳಿ ಅವರು ಸುಮ್ಮನಾದರು, ನಂತರ, "ಹಾಗಾದ್ರೆ ನಾನೇನು ಮಾಡಲಿ?" ಎಂದರು. ಸಂಜೆಯ ಹತ್ತು ನಿಮಿಷ ಜೊತೆಗೆ ನಡೆಯಿರಿ, ತೂಕದ ಮಾತೆತ್ತಬೇಡಿ ಎಂದಷ್ಟೇ ಕೇಳಿಕೊಂಡೆ.

ಆಸ್ಪತ್ರೆಯಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಮೊದಲಿಗಿಂತ ಹೆಚ್ಚು ದೂರ ಸಾಗಿದ್ದರು. ತೂಕ ಹೆಚ್ಚೇನೂ ಇಳಿದಿರಲಿಲ್ಲ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಗೊರಕೆಯೂ ಇರುವುದರಿಂದ ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ಇದೆಯೇ ಎಂದು ಅರಿವಳಿಕೆ ಕೊಡುವ ಮುಂಚೆಯೇ ಪರೀಕ್ಷಿಸಲು ವೈದ್ಯರಿಗೆ ಬರೆದಿದ್ದೇನೆ.