ಕನೆಕ್ಟರ್ ಕೂತರೆ ಸೊಲೆನಾಯ್ಡ್ ಸರಿಯೇ?

ಪ್ರಶ್ನೆ: ನಮ್ಮದು ನಾಲ್ಕು ಗೇರಿನ ಹಳೆಯ ಆಟೋಮ್ಯಾಟಿಕ್ ಕಾರು. ಶಿರಾಡಿ ಘಾಟಿ ಹತ್ತುವಾಗ ಮೂರನೇ ಗೇರಿನಲ್ಲೇ ಸಿಕ್ಕಿಕೊಳ್ಳುತ್ತದೆ. ಸ್ಕ್ಯಾನರ್‌ನಲ್ಲಿ ಪಿ0755 ಎಂಬ ದೋಷದ ಕೋಡ್ ಬಂತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ ಸೊಲೆನಾಯ್ಡಿಗೆ ಹಳೆಯ ಕನೆಕ್ಟರ್ ಸರಿಯಾಗಿ ಕೂರುತ್ತದೆ. ಹಾಕಿಸಬಹುದೇ?
— ಓದುಗರು, ಸಕಲೇಶಪುರ

ಉತ್ತರ: ಅಷ್ಟಕ್ಕೇ ಹಾಕಿಸಬೇಡಿ. ಸೊಲೆನಾಯ್ಡ್ ಅಂದರೆ ಗೇರ್‌ಬಾಕ್ಸಿನ ಆಯಿಲ್ ದಾರಿಯನ್ನು ಕರೆಂಟಿನಿಂದ ನಿಯಂತ್ರಿಸುವ ಕಾಯಿಲ್-ವಾಲ್ವ್. ನೋಡಲು ಒಂದೇ ಥರ ಇರುವ ಎರಡರಲ್ಲಿ ಒಂದು ಕರೆಂಟ್ ಬಂದಾಗ ಆಯಿಲ್ ದಾರಿ ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ. ತಪ್ಪಿದ್ದು ಹಾಕಿದರೂ ಕಾಯಿಲ್ ಚೆನ್ನಾಗಿದ್ದರೆ ಕೋಡ್ ಮಾಯವಾಗಬಹುದು. ಆದರೆ ಗೇರ್ ಅಡ್ಡಾದಿಡ್ಡಿ ಬಿದ್ದು ಒಳಗಿನ ಕ್ಲಚ್ ಪ್ಲೇಟ್ ಸುಡಬಹುದು.

ಪಿ0755 ಹೇಳುವುದು ಶಿಫ್ಟ್ ಸೊಲೆನಾಯ್ಡ್ 'ಬಿ' ಅಥವಾ ಅದರ ವೈರಿಂಗ್ ಬಗ್ಗೆ. ಕಂಪನಿಯ ಮ್ಯಾನುಯಲ್‌ನಲ್ಲಿ ಅದಕ್ಕೆ ಎಸ್2 ಎಂಬಂಥ ಬೇರೆ ಹೆಸರಿರಬಹುದು. ಸೊಲೆನಾಯ್ಡ್‌ಗಳು ಕೂರುವ ವಾಲ್ವ್ ಬಾಡಿಯ ಚಿತ್ರದಲ್ಲಿ ಜಾಗ ಗುರುತಿಸಿಕೊಂಡೇ ಬಿಚ್ಚಿಸಿ. ಬರೀ ಮಾಡೆಲ್, ವರ್ಷ ಹೇಳಿ ಆರ್ಡರ್ ಮಾಡಬೇಡಿ. ಗೇರ್‌ಬಾಕ್ಸ್ ಕೋಡ್ ಮತ್ತು ಚಾಸಿ ನಂಬರ್ ಕೊಡಿ. ಹಿಂದಿನ ಮಾಲೀಕರು ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್ ಕೂರಿಸಿದ್ದರೆ ಚಾಸಿ ನಂಬರ್ ದಾರಿ ತಪ್ಪಿಸುತ್ತದೆ. ಆಗ ಗೇರ್‌ಬಾಕ್ಸ್ ಮೇಲಿನ ಪ್ಲೇಟನ್ನೇ ನಂಬಬೇಕು.

ಇನ್ನು ಮಲ್ಟಿಮೀಟರಿನಲ್ಲಿ ಕಾಯಿಲಿನ ರೆಸಿಸ್ಟೆನ್ಸ್ ಅಳೆಯುವುದು. ಟೊಯೊಟಾದ ಹಲವು ಗೇರ್‌ಬಾಕ್ಸ್‌ಗಳಲ್ಲಿ ಆನ್-ಆಫ್ ಸೊಲೆನಾಯ್ಡ್ 20 ಡಿಗ್ರಿಯಲ್ಲಿ 11ರಿಂದ 15 ಓಮ್, ಒತ್ತಡ ನಿಯಂತ್ರಿಸುವ ಲೀನಿಯರ್ ಸೊಲೆನಾಯ್ಡ್ 5.0ರಿಂದ 5.6 ಓಮ್ ತೋರಿಸುತ್ತವೆ. ನಿಮ್ಮ ಗೇರ್‌ಬಾಕ್ಸಿನ ಅಂಕಿ ಅದರ ಮ್ಯಾನುಯಲ್‌ನಲ್ಲೇ ನೋಡಿ. ಘಾಟಿ ಹತ್ತಿ ಬಂದ ಕೂಡಲೇ ಅಳೆಯಬೇಡಿ: 80 ಡಿಗ್ರಿಯಲ್ಲಿ 5.3 ಓಮಿನ ಕಾಯಿಲ್ ಸುಮಾರು 6.5 ತೋರಿಸುತ್ತದೆ, ಒಳ್ಳೆಯದನ್ನೇ ಕೆಟ್ಟದ್ದೆಂದು ಬಿಸಾಡುತ್ತೀರಿ. ಮೊದಲು ಮೀಟರಿನ ಎರಡು ಕಡ್ಡಿ ಮುಟ್ಟಿಸಿ, ಬಂದ ಅಂಕಿಯನ್ನು ಕಳೆಯಿರಿ. ಒಂದೇ ಪಿನ್ ಇದ್ದರೆ ಇನ್ನೊಂದು ಕಡ್ಡಿ ಸೊಲೆನಾಯ್ಡಿನ ಲೋಹಕ್ಕೆ. ಹೊರಗಿನ ಕನೆಕ್ಟರ್‌ನಲ್ಲಿ ಅಳತೆ ತಪ್ಪಿದ್ದು, ಸೊಲೆನಾಯ್ಡಿನ ಮೇಲೇ ಅಳೆದಾಗ ಸರಿಯಿದ್ದರೆ, ಕೆಟ್ಟಿರುವುದು ನಡುವಿನ ವೈರ್.

ಆನ್-ಆಫ್ ಆದರೆ 12 ವೋಲ್ಟ್ ಕ್ಷಣಮಾತ್ರ ಮುಟ್ಟಿಸಿ, 'ಟಕ್' ಎನ್ನಬೇಕು. ಆಗಲೇ ಬಾಯಿಂದ ಊದಿ, ಕರೆಂಟ್ ಇದ್ದಾಗ ತೆರೆಯುತ್ತದೋ ಮುಚ್ಚುತ್ತದೋ ಎಂದು ಮ್ಯಾನುಯಲ್ ಜೊತೆ ತಾಳೆ ನೋಡಿ. ಲೀನಿಯರ್ ಆದರೆ ಬ್ಯಾಟರಿಯನ್ನು ನೇರವಾಗಿ ಕೊಡಲೇಬೇಡಿ, ಕಾಯಿಲ್ ಸುಟ್ಟುಹೋಗುತ್ತದೆ. ನಡುವೆ 21 ವ್ಯಾಟ್ ಬಲ್ಬ್ ಸೀರೀಸ್‌ನಲ್ಲಿ ಹಾಕಿ. ಕೊನೆಗೆ ಹಳೆಯದರ ಪಕ್ಕ ಹೊಸದನ್ನಿಟ್ಟು ಮೂತಿಯ ಉದ್ದ, ಆಯಿಲ್ ತೂತುಗಳ ಜಾಗ, ಓ-ರಿಂಗ್ (ರಬ್ಬರ್ ಬಳೆ) ಕೂರುವ ಕಚ್ಚು ಹೋಲಿಸಿ.

ಪ್ರಶ್ನೆ: ಎಎಂಟಿ ಕಾರಿಗೂ ಇದೇ ಕ್ರಮವೇ?
— ಓದುಗರು, ಬೇಲೂರು

ಉತ್ತರ: ಅಲ್ಲ. ಅದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸ್. ಕ್ಲಚ್, ಗೇರ್ ಒತ್ತಲು ಹೊರಗೊಂದು ಆಕ್ಚುಯೇಟರ್ ಇರುತ್ತದೆ. ಸೊಲೆನಾಯ್ಡ್ ಇದ್ದರೆ ಅದರಲ್ಲೇ. ಮೇಲಿನ ಅಳತೆಗಳು ಅದಕ್ಕೆ ಹೊಂದುವುದಿಲ್ಲ.